ಅಕ್ಷರ ಕೊನೆಗೆ ಬರಲಿ: ಹೈಸ್ಕೂಲ್ ಮಕ್ಕಳಿಗೆ ಬೀಜಗಣಿತ ಹಿಡಿಸುವಂತೆ ಹೇಳಿಕೊಡುವುದು ಹೇಗೆ

ಬೋರ್ಡಿನ ಮೇಲೆ 3ಎಕ್ಸ್ ಅಂತ ಬರೆದು, ಎಕ್ಸ್ ಬೆಲೆ 4 ಆದರೆ ಇದು ಎಷ್ಟು ಅಂತ ಎಂಟನೇ ತರಗತಿಯ ಒಬ್ಬ ಹುಡುಗನನ್ನು ಕೇಳಿದ್ದೆ. ಅವನು ತಡಮಾಡದೆ "34 ಸಾರ್" ಅಂದ. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಒಂದನೇ ತರಗತಿಯಿಂದ ಅವನಿಗೆ ನಾವೇ ಹೇಳಿಕೊಟ್ಟಿದ್ದೇವೆ, 3ರ ಪಕ್ಕ 4 ಇಟ್ಟರೆ ಮೂವತ್ನಾಲ್ಕು ಅಂತ. ಇಲ್ಲಿ ಮಾತ್ರ ಪಕ್ಕಪಕ್ಕ ಬರೆದರೆ ಗುಣಾಕಾರ ಅನ್ನುವ ಹೊಸ ನಿಯಮದ ಬಗ್ಗೆ ಯಾರೂ ಅವನ ಜೊತೆ ಕೂತು ಮಾತಾಡಿರಲಿಲ್ಲ. ಅವತ್ತಿನಿಂದ ನಾನು ಬೀಜಗಣಿತ ಶುರು ಮಾಡುವ ರೀತಿಯನ್ನೇ ಬದಲಾಯಿಸಿದೆ.

ಇದನ್ನು ಎಂಟರಿಂದ ಹತ್ತನೇ ತರಗತಿವರೆಗೆ ಗಣಿತ ಹೇಳಿಕೊಡುವವರಿಗಾಗಿ ಬರೆದಿದ್ದೇನೆ. ಮನೆಯಲ್ಲಿ ಮಗಳನ್ನೋ ಮಗನನ್ನೋ ಪಕ್ಕ ಕೂರಿಸಿಕೊಂಡು ಲೆಕ್ಕ ಮಾಡಿಸುವ ಅಪ್ಪ ಅಮ್ಮನಿಗೂ ಉಪಯೋಗಕ್ಕೆ ಬರುತ್ತದೆ. ಪ್ರೊಜೆಕ್ಟರ್ ಬೇಡ, ಸ್ಮಾರ್ಟ್ ಬೋರ್ಡ್ ಬೇಡ. ಬೆಂಕಿಪೊಟ್ಟಣ, ಹುಣಸೆ ಬೀಜ, ಹಳೇ ಕ್ಯಾಲೆಂಡರ್, ಸೀಮೆಸುಣ್ಣ ಇದ್ದರೆ ಆಯಿತು. ನಾನು ಪಾಲಿಸುವ ಕ್ರಮ ಇಷ್ಟೇ: ಮೊದಲು ಸಂಖ್ಯೆ, ಆಮೇಲೆ ಮಾತು, ಕೊನೆಗೆ ಅಕ್ಷರ. ಮಗುವಿಗೆ "ಅಯ್ಯೋ, ಇದನ್ನು ಇಷ್ಟುದ್ದ ಬರೆಯಬೇಕಾ, ಏನಾದ್ರೂ ಗುರುತು ಇಟ್ಟುಕೊಳ್ಳೋಣ" ಅನ್ನಿಸಿದಾಗ ಅಕ್ಷರ ಕೊಟ್ಟರೆ ಅದು ಅವರದಾಗುತ್ತದೆ.

ಹೆಜ್ಜೆ 1: ಮೊದಲ ದಿನ ಪುಸ್ತಕ ತೆಗೆಸಬೇಡಿ

ಒಳಗೆ ಬಂದ ತಕ್ಷಣ ಒಂದು ಆಟ ಶುರು ಮಾಡಿ. ಮನಸ್ಸಿನಲ್ಲಿ ಒಂದು ಸಂಖ್ಯೆ ಇಟ್ಟುಕೊಳ್ಳಿ. ಅದಕ್ಕೆ 5 ಸೇರಿಸಿ. ಬಂದಿದ್ದನ್ನು ಎರಡರಷ್ಟು ಮಾಡಿ. ಅದರಿಂದ 4 ಕಳೆಯಿರಿ. ಉಳಿದದ್ದನ್ನು ಅರ್ಧ ಮಾಡಿ. ಈಗ ಮೊದಲು ಇಟ್ಟುಕೊಂಡ ಸಂಖ್ಯೆಯನ್ನು ಕಳೆಯಿರಿ. ಎಲ್ಲರ ಹತ್ತಿರವೂ 3 ಇದೆ, ಅಲ್ವಾ?

ಗಲಾಟೆ ಆಗುತ್ತದೆ, ಆಗಲಿ ಬಿಡಿ. ನಲವತ್ತು ಮಕ್ಕಳು ನಲವತ್ತು ಸಂಖ್ಯೆ ಇಟ್ಟುಕೊಂಡಿರುತ್ತಾರೆ, ಹಿಂದಿನ ಬೆಂಚಿನಲ್ಲಿ ಯಾರೋ ಒಬ್ಬರು ಬೇಕಂತಲೇ 1000 ಇಟ್ಟುಕೊಂಡಿರುತ್ತಾರೆ, ಇನ್ನೊಬ್ಬರು ಅರ್ಧ ಇಟ್ಟುಕೊಂಡು ನೋಡುತ್ತಾರೆ. ಎಲ್ಲರಿಗೂ 3 ಬಂದಾಗ "ಹೇಗೆ ಸಾರ್?" ಅನ್ನುವ ಪ್ರಶ್ನೆ ಅವರಿಂದಲೇ ಬರುತ್ತದೆ. ಆ ಪ್ರಶ್ನೆ ಬರುವವರೆಗೆ ವಿವರಣೆ ಕೊಡಬೇಡಿ.

ಈಗ ಮೇಜಿನ ಮೇಲೆ ಒಂದು ಬೆಂಕಿಪೊಟ್ಟಣ ಇಡಿ. ಇದರೊಳಗೆ ನಿಮ್ಮ ಸಂಖ್ಯೆ ಇದೆ, ಎಷ್ಟು ಅಂತ ನನಗೆ ಗೊತ್ತಿಲ್ಲ ಅಂತ ಹೇಳಿ. ಪಕ್ಕದಲ್ಲಿ 5 ಹುಣಸೆ ಬೀಜ ಇಡಿ. ಎರಡರಷ್ಟು ಮಾಡಿದರೆ 2 ಪೊಟ್ಟಣ, 10 ಬೀಜ. ನಾಲ್ಕು ಬೀಜ ತೆಗೆದರೆ 2 ಪೊಟ್ಟಣ, 6 ಬೀಜ. ಅರ್ಧ ಮಾಡಿದರೆ 1 ಪೊಟ್ಟಣ, 3 ಬೀಜ. ಪೊಟ್ಟಣ ಎತ್ತಿಕೊಂಡರೆ ಉಳಿಯುವುದು ಮೂರೇ ಬೀಜ. ಒಳಗೆ ಎಷ್ಟಿತ್ತು ಅಂತ ಕೊನೆವರೆಗೂ ಯಾರೂ ತೆರೆದು ನೋಡಲಿಲ್ಲ, ಆದರೂ ಉತ್ತರ ಸಿಕ್ಕಿತು. ಬೀಜಗಣಿತದ ಜೀವ ಇರುವುದೇ ಇಲ್ಲಿ, ಹಾಗಾಗಿ ಇಲ್ಲಿ ಅವಸರ ಮಾಡಬೇಡಿ.

ಮನೆಗೆಲಸ: ಇಂಥದ್ದೇ ಒಂದು ಆಟ ನೀವೇ ಕಟ್ಟಿಕೊಂಡು ಬನ್ನಿ, ಮನೆಯಲ್ಲಿ ಅಜ್ಜಿಯ ಮೇಲೆ ಪ್ರಯೋಗ ಮಾಡಿ.

ಎರಡನೇ ದಿನಕ್ಕೆ ಹಳೇ ಕ್ಯಾಲೆಂಡರ್ ಹಾಳೆ ಹಂಚಿ. ಯಾವುದೇ ತಿಂಗಳಲ್ಲಿ ಮೂರು ಸಾಲು, ಮೂರು ಕಂಬದ ಒಂದು ಚೌಕಕ್ಕೆ ಗೆರೆ ಹಾಕಿಸಿ ಒಂಬತ್ತು ತಾರೀಖುಗಳನ್ನು ಕೂಡಿಸಿ. ಮೊತ್ತ ಹೇಳಿದರೆ ಸಾಕು, ನೀವು 9ರಿಂದ ಭಾಗಿಸಿ ನಡುವಿನ ತಾರೀಖು ಹೇಳಿಬಿಡಬಹುದು. ಯಾಕೆ ಅಂತ ಹುಡುಕುವುದು ಅವರ ಕೆಲಸ. ನಡುವಿನದಕ್ಕಿಂತ ಮೇಲಿನದು 7 ಕಮ್ಮಿ, ಕೆಳಗಿನದು 7 ಜಾಸ್ತಿ, ಎಡಕ್ಕೆ 1 ಕಮ್ಮಿ, ಬಲಕ್ಕೆ 1 ಜಾಸ್ತಿ, ಮೂಲೆಗಳಲ್ಲೂ ಹೀಗೇ ಜೋಡಿ ಜೋಡಿಯಾಗಿ ಹೊಡೆದುಹೋಗುತ್ತವೆ.

ಹೆಜ್ಜೆ 2: ಗೊತ್ತಿಲ್ಲದ್ದಕ್ಕೆ ಹೆಸರು ಮಕ್ಕಳೇ ಇಡಲಿ

ಎರಡು ದಿನ ಪೊಟ್ಟಣದ ಚಿತ್ರ ಬರೆದು ಬರೆದು ಅವರಿಗೇ ಸಾಕಾಗಿರುತ್ತದೆ. ಆಗ ಗುರುತು ಕೇಳಿ. ಕೆಲವರು ಡಬ್ಬಿ ಬರೆಯುತ್ತಾರೆ, ಕೆಲವರು ತಮ್ಮ ಹೆಸರಿನ ಮೊದಲ ಅಕ್ಷರ. ಎಲ್ಲವೂ ಸರಿ.

ಈ ಹೊತ್ತಿನಲ್ಲಿ ಒಂದು ಕಥೆ ಹೇಳಿ, ಮಕ್ಕಳಿಗೆ ತುಂಬಾ ಹಿಡಿಸುತ್ತದೆ. ನಮ್ಮ ಹಳೆಯ ಗಣಿತಜ್ಞರು ಗೊತ್ತಿಲ್ಲದ ಸಂಖ್ಯೆಯನ್ನು 'ಯಾವತ್ ತಾವತ್' ಅನ್ನುತ್ತಿದ್ದರು, ನಮ್ಮ ಮಾತಿನಲ್ಲಿ ಹೇಳುವುದಾದರೆ 'ಎಷ್ಟೋ ಅಷ್ಟು'. ಚಿಕ್ಕದಾಗಿ 'ಯಾ' ಅಂತ ಬರೆಯುತ್ತಿದ್ದರು. ಗೊತ್ತಿಲ್ಲದ್ದು ಎರಡು ಮೂರು ಇದ್ದರೆ ಬಣ್ಣದ ಹೆಸರು ಕೊಡುತ್ತಿದ್ದರು: ಕಾಲಕ ಅಂದರೆ ಕಪ್ಪು, ನೀಲಕ, ಪೀತಕ. ಅವುಗಳ ಗುರುತು ಕಾ, ನೀ, ಪೀ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು ಲೆಕ್ಕ ಮಾಡಿದ್ದು ಹೀಗೆಯೇ. ಅಂದಮೇಲೆ ಎಕ್ಸ್, ವೈ ಬರೆಯಲೇಬೇಕು ಅಂತ ಮೇಲಿನಿಂದ ಇಳಿದು ಬಂದ ನಿಯಮ ಏನೂ ಇಲ್ಲ. ನಾನು ಮೊದಲ ಎರಡು ವಾರ ಕ, ನ ಅಂತಲೇ ಬರೆಸುತ್ತೇನೆ, ಪುಸ್ತಕಕ್ಕೆ ಹೋಗುವಾಗ ಎಕ್ಸ್, ವೈಗೆ ಬದಲಾಯಿಸುತ್ತೇನೆ. ಯಾರಿಗೂ ಕಷ್ಟವಾಗಿಲ್ಲ.

ಒಂದು ಎಚ್ಚರಿಕೆ ಮಾತ್ರ ಇದೆ. "ಇ ಅಂದರೆ ಇಡ್ಲಿ" ಅಂತ ಯಾವತ್ತೂ ಹೇಳಬೇಡಿ. 3ಇ ಅಂದರೆ ಮೂರು ಇಡ್ಲಿ ಅಂತ ಮಗುವಿನ ತಲೆಯಲ್ಲಿ ಕೂತುಬಿಟ್ಟರೆ ಮುಂದೆ ಇ ವರ್ಗ ಅಂದಾಗ ಇಡ್ಲಿಯನ್ನು ಇಡ್ಲಿಯಿಂದ ಗುಣಿಸುವುದು ಹೇಗೆ? ಅಕ್ಷರ ಯಾವಾಗಲೂ ಒಂದು ಸಂಖ್ಯೆ. "ಇ ಅಂದರೆ ಒಂದು ಪ್ಲೇಟ್ ಇಡ್ಲಿಯ ಬೆಲೆ, ರೂಪಾಯಿಯಲ್ಲಿ" ಅಂತ ಪ್ರತಿ ಸಲ ಪೂರ್ತಿ ವಾಕ್ಯ ಬರೆಸಿ. ಉದ್ದವಾಯಿತು ಅಂತ ಮಕ್ಕಳು ಗೊಣಗುತ್ತಾರೆ, ಆದರೂ ಬಿಡಬೇಡಿ.

ಮೊದಲು ಹೇಳಿದ 34ರ ತಪ್ಪಿಗೂ ಇಲ್ಲೇ ಮದ್ದು. ಕೆಲವು ದಿನ 3 × ಕ ಅಂತ ಗುಣಾಕಾರದ ಗುರುತು ಹಾಕಿಯೇ ಬರೆಸಿ. ಗುರುತು ಬಿಡುವ ದಿನ ಅದನ್ನು ಬಾಯಿಬಿಟ್ಟು ಹೇಳಿ: ಇವತ್ತಿನಿಂದ ಇದನ್ನು ಬರೆಯುವುದಿಲ್ಲ, ಆದರೆ ಅದು ಅಲ್ಲೇ ಇದೆ.

ಹೆಜ್ಜೆ 3: ಸಮ ಚಿಹ್ನೆಯನ್ನು ತಕ್ಕಡಿ ಮಾಡಿ

ಬೋರ್ಡಿನ ಮೇಲೆ 8 + 4 = ▢ + 5 ಅಂತ ಬರೆದು ಡಬ್ಬಿಯಲ್ಲಿ ಎಷ್ಟು ಅಂತ ಕೇಳಿ. ಒಂಬತ್ತನೇ ತರಗತಿಯಲ್ಲೂ 12 ಅನ್ನುವವರು ಸಿಗುತ್ತಾರೆ. ಅವರ ಪಾಲಿಗೆ ಸಮ ಚಿಹ್ನೆ ಅಂದರೆ 'ಉತ್ತರ ಬರೆಯಿರಿ' ಅನ್ನುವ ಸೂಚನೆ. ಎರಡೂ ಕಡೆ ಒಂದೇ ತೂಕ ಅನ್ನುವುದು ಕೂರದೆ ಸಮೀಕರಣ ಹಿಡಿದರೆ ಮುಂದಿನದ್ದೆಲ್ಲ ಸುಮ್ನೆ ಬಾಯಿಪಾಠ ಆಗುತ್ತದೆ.

ಬಟ್ಟೆ ಹ್ಯಾಂಗರಿಗೆ ಎರಡು ತೆಂಗಿನ ಚಿಪ್ಪು ಕಟ್ಟಿದರೆ ತಕ್ಕಡಿ ಸಿದ್ಧ. ಬೀಜಗಳ ತೂಕ ಒಂದೇ ಸಮ ಇರುವುದಿಲ್ಲ, ಹಾಗಾಗಿ ಇಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಒಂದೇ ಅಳತೆಯ ವಾಷರ್ ತೆಗೆದುಕೊಳ್ಳಿ. ನಾಲ್ಕು ಬೆಂಕಿಪೊಟ್ಟಣಗಳಿಗೆ ತಲಾ 4 ವಾಷರ್ ಹಾಕಿ ಮುಚ್ಚಿ. ಒಂದು ಕಡೆ 3 ಪೊಟ್ಟಣ, 4 ವಾಷರ್. ಇನ್ನೊಂದು ಕಡೆ 1 ಪೊಟ್ಟಣ, 12 ವಾಷರ್. ಪೊಟ್ಟಣಕ್ಕೂ ತನ್ನದೇ ತೂಕ ಇರುತ್ತದೆ, ಅದಕ್ಕಾಗಿ ಕಮ್ಮಿ ಪೊಟ್ಟಣ ಇರುವ ಕಡೆ ಎರಡು ಖಾಲಿ ಪೊಟ್ಟಣ ಸೇರಿಸಿಬಿಡಿ, ಇಲ್ಲದಿದ್ದರೆ ತಕ್ಕಡಿ ವಾಲುತ್ತದೆ ಮತ್ತೆ ಪಾಠ ಕೆಡುತ್ತದೆ.

ಆಮೇಲೆ ಮಕ್ಕಳನ್ನು ಬಿಡಿ. ಎರಡೂ ಕಡೆಯಿಂದ 4 ವಾಷರ್ ತೆಗೆಯುತ್ತಾರೆ. ಎರಡೂ ಕಡೆಯಿಂದ ಒಂದೊಂದು ಪೊಟ್ಟಣ ತೆಗೆಯುತ್ತಾರೆ. 2 ಪೊಟ್ಟಣ ಮತ್ತು 8 ವಾಷರ್ ಉಳಿಯುತ್ತದೆ. ಒಂದರಲ್ಲಿ 4. ಪೊಟ್ಟಣ ತೆರೆದು ಎಣಿಸುವ ಕ್ಷಣಕ್ಕೆ ಇಡೀ ತರಗತಿ ಎದ್ದು ನಿಂತಿರುತ್ತದೆ! ಪಕ್ಕದಲ್ಲೇ ಒಬ್ಬರು 3ಕ + 4 = ಕ + 12 ಅಂತ ಶುರು ಮಾಡಿ ಪ್ರತಿ ಹೆಜ್ಜೆಯನ್ನೂ ಬರೆಯುತ್ತಾ ಹೋಗಲಿ.

"ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ" ಅನ್ನುವ ಪಕ್ಷಾಂತರದ ಮಾತನ್ನು ಕನಿಷ್ಠ ಹತ್ತು ದಿನ ಮುಂದೂಡಿ. ಯಾವ ಸಂಖ್ಯೆಯೂ ಎಲ್ಲಿಗೂ ಹೋಗುವುದಿಲ್ಲ, ನಾವು ಎರಡೂ ಕಡೆ ಒಂದೇ ಕೆಲಸ ಮಾಡುತ್ತೇವೆ. ಇದು ಗೊತ್ತಿದ್ದ ಮಗು ಆಮೇಲೆ ಪಕ್ಷಾಂತರವನ್ನು ಅಡ್ಡದಾರಿಯಾಗಿ ಬಳಸಿದರೆ ತೊಂದರೆ ಇಲ್ಲ.

ತಕ್ಕಡಿಗೆ ಒಂದು ಮಿತಿ ಇದೆ: ಋಣ ಸಂಖ್ಯೆಯನ್ನು ಅದರಲ್ಲಿ ತೂಗಲು ಆಗುವುದಿಲ್ಲ. ಅಲ್ಲಿ ನಮ್ಮ ಭಾಷೆಯೇ ಸಹಾಯಕ್ಕೆ ಬರುತ್ತದೆ. ಧನ ಅಂದರೆ ಆಸ್ತಿ, ಋಣ ಅಂದರೆ ಸಾಲ. 628ರಲ್ಲಿ ಬ್ರಹ್ಮಗುಪ್ತ ಈ ಲೆಕ್ಕದ ನಿಯಮಗಳನ್ನು ಕೊಟ್ಟಿದ್ದು ಇದೇ ಪದಗಳಲ್ಲಿ. ಸಾಲ ತೆಗೆದುಹಾಕಿದರೆ ಆಸ್ತಿ ಹೆಚ್ಚಿದಂತೆ, ಇಷ್ಟು ಹೇಳಿದರೆ ಋಣವನ್ನು ಕಳೆದರೆ ಕೂಡುವುದು ಯಾಕೆ ಅನ್ನುವುದು ಅಂಗಡಿ ಮನೆಯ ಮಕ್ಕಳಿಗೆ ಥಟ್ಟನೆ ಹೊಳೆಯುತ್ತದೆ.

ಹೆಜ್ಜೆ 4: ರಂಗೋಲಿ ಹಾಕಿಸಿ

ನನಗೆ ಅತ್ಯಂತ ಪ್ರೀತಿಯ ಪಾಠ ಇದು. "7ರಿಂದ 4 ಸಂದು ಚುಕ್ಕಿ" ಅಂದರೆ ತರಗತಿಯ ಅರ್ಧ ಮಕ್ಕಳಿಗೆ ಕೂಡಲೇ ಗೊತ್ತಾಗುತ್ತದೆ: ನಡುವೆ 7, ಮೇಲೂ ಕೆಳಗೂ ಒಂದೊಂದೇ ಕಮ್ಮಿ ಮಾಡುತ್ತಾ 4ಕ್ಕೆ ನಿಲ್ಲಿಸಬೇಕು. ಲೆಕ್ಕದಲ್ಲಿ ಹಿಂದೆ ಇದ್ದಾರೆ ಅಂತ ನಾವು ಅಂದುಕೊಂಡ ಎಷ್ಟೋ ಹುಡುಗಿಯರು ಇಲ್ಲಿ ಮುಂದೆ ಬಂದು ಬೇರೆಯವರಿಗೆ ಹೇಳಿಕೊಡುವುದನ್ನು ನಾನು ನೋಡಿದ್ದೇನೆ.

ವೆರಾಂಡಾದಲ್ಲಿ ಸೀಮೆಸುಣ್ಣ ಕೊಟ್ಟು 3ರಿಂದ 2, 5ರಿಂದ 3, 7ರಿಂದ 4 ಹಾಕಿಸಿ. ಚುಕ್ಕಿ ಎಣಿಸಿ. 7, 19, 37 ಬರುತ್ತದೆ. ಮುಂದಿನದು 9ರಿಂದ 5, ಹಾಕದೆಯೇ ಎಷ್ಟು ಅಂತ ಹೇಳಬಹುದಾ? ಶುರುವಿನಲ್ಲಿ ಒಂದೇ ಚುಕ್ಕಿಯ ರಂಗೋಲಿ ಅಂತ 1ನ್ನೂ ಸೇರಿಸಿ ವ್ಯತ್ಯಾಸ ನೋಡಿದರೆ 6, 12, 18. ಹಾಗಾದರೆ ಮುಂದೆ 24, ಅಂದರೆ 61. ಹಾಕಿ ಎಣಿಸಿ ನೋಡಲಿ, ಸರಿ ಇರುತ್ತದೆ.

ಇಲ್ಲಿವರೆಗೆ ಎಂಟನೇ ತರಗತಿಗೆ ಸಾಕು. ಹತ್ತನೇ ತರಗತಿಯಾದರೆ ಮುಂದೆ ಹೋಗಿ. ಅಂಚಿನ ಸಾಲಿನಲ್ಲಿ ನ ಚುಕ್ಕಿ ಇದ್ದರೆ ಒಟ್ಟು 3ನ² − 3ನ + 1. ಇದನ್ನು ನೀವು ಹೇಳಿಕೊಡಬೇಡಿ. ಒಂದು ನಡುಚುಕ್ಕಿ ಬಿಟ್ಟರೆ ಉಳಿದದ್ದು 6, 12, 18 ಅಂತ ಸಮಾಂತರ ಶ್ರೇಢಿ, ಅದರ ಮೊತ್ತ ಕಂಡುಹಿಡಿಯುವುದು ಅವರ ಪಾಠದಲ್ಲೇ ಇದೆ, ಸುಮಾರು ಹದಿನೈದು ನಿಮಿಷ ಕೊಟ್ಟರೆ ಯಾವುದಾದರೂ ಒಂದು ಗುಂಪು ಅಲ್ಲಿಗೆ ತಲುಪುತ್ತದೆ.

ಹೆಜ್ಜೆ 5: ಸೂತ್ರಕ್ಕೆ ಜಾಗ ತೋರಿಸಿ

(ಅ + ಬ)² ಅಂದರೆ ಅ² + ಬ² ಅನ್ನುವ ತಪ್ಪು ಎಲ್ಲ ಊರಿನಲ್ಲೂ ಇದೆ. ಮೊದಲು ಸಂಖ್ಯೆ ಹಾಕಿಸಿ: (3 + 4)² ಅಂದರೆ 49, 9 + 16 ಅಂದರೆ 25. ಉಳಿದ 24 ಎಲ್ಲಿ ಹೋಯಿತು? ಚೌಕದ ಕಾಗದವನ್ನು ಒಂದು ಕಡೆ 3, ಇನ್ನೊಂದು ಕಡೆ 4 ಭಾಗ ಬರುವಂತೆ ಎರಡೂ ದಿಕ್ಕಿನಲ್ಲಿ ಮಡಚಿದರೆ ಎರಡು ಚೌಕ, ಎರಡು ಆಯತ ಕಾಣುತ್ತವೆ. ಕಳೆದುಹೋದ 24 ಆ ಎರಡು ಆಯತಗಳಲ್ಲಿದೆ.

ವರ್ಗ ಸಮೀಕರಣಕ್ಕೆ ನಾನು ಹಿಡಿಯುವುದು 30-40 ಸೈಟನ್ನು. ಈ ಅಳತೆಯ ಮಾತು ಕೇಳದ ಮನೆ ನಮ್ಮ ಕಡೆ ಇಲ್ಲ. ಸೈಟಿನ ನಾಲ್ಕೂ ಕಡೆ ಕ ಅಡಿ ಜಾಗ ಬಿಟ್ಟು ಮನೆ ಕಟ್ಟಿದರೆ ಮನೆಗೆ ಸಿಗುವ ಜಾಗ (30 − 2ಕ)(40 − 2ಕ). 3 ಅಡಿ ಬಿಟ್ಟರೆ 24 × 34, ಅಂದರೆ 816 ಚದರ ಅಡಿ. ಈಗ ತಿರುಗಿಸಿ ಕೇಳಿ: ಮನೆಗೆ 600 ಚದರ ಅಡಿ ಸಾಕು, ಎಷ್ಟು ಜಾಗ ಬಿಡಬಹುದು? ಬಿಡಿಸಿದರೆ ಕ² − 35ಕ + 150 = 0, ಉತ್ತರ 5 ಅಥವಾ 30. ಮೂವತ್ತು ಅಡಿ ಅಗಲದ ಸೈಟಿನಲ್ಲಿ ಎರಡೂ ಕಡೆ ಮೂವತ್ತು ಅಡಿ ಬಿಡಲು ಆಗುತ್ತದಾ? ಮಕ್ಕಳು ಒಟ್ಟಿಗೆ "ಇಲ್ಲ" ಅನ್ನುತ್ತಾರೆ. ಒಂದು ಉತ್ತರವನ್ನು ಯಾಕೆ ಕೈಬಿಡುತ್ತೇವೆ ಅನ್ನುವುದು ಆಮೇಲೆ ಮರೆಯುವುದಿಲ್ಲ. ಅದು ಸಮೀಕರಣಕ್ಕೆ ಸರಿ, ಸೈಟಿಗೆ ಸರಿಯಲ್ಲ.

ಹೆಜ್ಜೆ 6: ಮಳಖೇಡದ ಲೆಕ್ಕ

ಎರಡು ಚರಾಕ್ಷರಗಳ ಸಮೀಕರಣಕ್ಕೆ ಬಂದಾಗ ಹೋಟೆಲಿನಿಂದ ಶುರು ಮಾಡಿ. 2 ಪ್ಲೇಟ್ ಇಡ್ಲಿ, 1 ಕಾಫಿಗೆ 100 ರೂಪಾಯಿ. 1 ಪ್ಲೇಟ್ ಇಡ್ಲಿ, 2 ಕಾಫಿಗೆ 80. ಯಾವುದರ ಬೆಲೆ ಎಷ್ಟು? ಪದ್ಧತಿ ಹೇಳಿಕೊಡದೆ ಬಿಡಿ. ಎರಡೂ ಬಿಲ್ ಕೂಡಿಸಿದರೆ 3 ಇಡ್ಲಿ, 3 ಕಾಫಿಗೆ 180, ಅಂದರೆ ಒಂದೊಂದಕ್ಕೆ ಸೇರಿ 60. ಮೊದಲ ಬಿಲ್ಲಿನಲ್ಲಿ ಅದಕ್ಕಿಂತ ಒಂದು ಇಡ್ಲಿ ಜಾಸ್ತಿ, 40 ರೂಪಾಯಿ ಜಾಸ್ತಿ. ಇಡ್ಲಿ 40, ಕಾಫಿ 20. ಕಾಗದ ಮುಟ್ಟದೆ ಹೇಳುವವರು ಇರುತ್ತಾರೆ.

ಆಮೇಲೆ ಇದನ್ನು ಕೊಡಿ: 9 ಮಾದಳದ ಹಣ್ಣು, 7 ಬೇಲದ ಹಣ್ಣು ಸೇರಿ ಬೆಲೆ 107. 7 ಮಾದಳ, 9 ಬೇಲ ಸೇರಿ 101. ಒಂದೊಂದರ ಬೆಲೆ ಎಷ್ಟು? ಇದು ಸುಮಾರು 850ರಲ್ಲಿ ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹದಲ್ಲಿ ಇಟ್ಟಿರುವ ಲೆಕ್ಕ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲ ಅದು. ಕನ್ನಡ ಪಾಠದಲ್ಲಿ ಕವಿರಾಜಮಾರ್ಗದ ಹೆಸರು ಕೇಳಿರುತ್ತಾರಲ್ಲ, ಅದೇ ಕಾಲ. ಅವನ ರಾಜಧಾನಿ ಮಾನ್ಯಖೇಟ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಕೂಡಿದರೆ 16 ಮಾದಳ, 16 ಬೇಲಕ್ಕೆ 208, ಅಂದರೆ ಒಂದು ಜೋಡಿಗೆ 13. ಕಳೆದರೆ 2 ಮಾದಳಕ್ಕೂ 2 ಬೇಲಕ್ಕೂ ಇರುವ ಅಂತರ 6, ಒಂದಕ್ಕೆ 3. ಮಾದಳ 8, ಬೇಲ 5. ಹೋಟೆಲ್ ಬಿಲ್ಲಿನಲ್ಲಿ ತಾವೇ ಕಂಡುಕೊಂಡ ಉಪಾಯ ಸಾವಿರ ವರ್ಷಕ್ಕೂ ಹಿಂದೆ ನಮ್ಮ ನೆಲದಲ್ಲಿ ಓಡಾಡುತ್ತಿತ್ತು ಅಂತ ಗೊತ್ತಾದಾಗ ಮಕ್ಕಳ ಮುಖ ನೋಡಬೇಕು. ಬೇಲದ ಹಣ್ಣು ಸಿಕ್ಕುವ ಕಾಲವಾದರೆ ಒಂದು ತಂದು ಮೇಜಿನ ಮೇಲೆ ಇಡಿ.

ನಕ್ಷೆಗೆ ಆಟೋ ಬಾಡಿಗೆ ಹಿಡಿಯಿರಿ. ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ನಕ್ಷೆ ಎಳೆದರೆ ಗೆರೆ 2ರವರೆಗೆ ಅಡ್ಡಕ್ಕೆ ಮಲಗಿ ಆಮೇಲೆ ಏರುತ್ತದೆ. ಏರುವ ಗೆರೆಯನ್ನು ಹಿಂದಕ್ಕೆ ಎಳೆಯಲು ಹೇಳಿ, ಸರಿಯಾಗಿ ಸೊನ್ನೆಗೆ ಬಂದು ಸೇರುತ್ತದೆ. ಯಾಕೆ? ನಿಮ್ಮ ಊರಿನ ದರ ಬೇರೆ ಇದ್ದರೆ ಅದನ್ನೇ ಹಾಕಿ ನೋಡಿ, ಆಗಲೂ ಸೊನ್ನೆಗೇ ಸೇರುತ್ತದಾ ಅನ್ನುವುದೇ ಒಳ್ಳೆಯ ಪ್ರಶ್ನೆ.

ಹೆಜ್ಜೆ 7: ತಪ್ಪಿಗೆ ಬೋರ್ಡಿನ ಮೇಲೆ ಜಾಗ ಕೊಡಿ

ಬೋರ್ಡಿನ ಒಂದು ಮೂಲೆಯನ್ನು ತಪ್ಪಿಗೆ ಮೀಸಲಿಡಿ. ದಿನಕ್ಕೊಂದು ತಪ್ಪು ಲೆಕ್ಕ ಬರೆಯಿರಿ, ಯಾರದು ಅಂತ ಹೇಳಬೇಡಿ, ಎಲ್ಲಿ ಎಡವಿದೆ ಅಂತ ಎಲ್ಲರೂ ಹುಡುಕಲಿ. ಒಂಬತ್ತನೇ ತರಗತಿಯವರಿಗೆ 2 = 1 ಅಂತ ಸಾಧಿಸಿ ತೋರಿಸಿ. ಅ = ಬ ಅಂತ ಶುರು ಮಾಡಿ, ಎರಡೂ ಕಡೆ ಅ ಇಂದ ಗುಣಿಸಿ, ಬ² ಕಳೆದು, ಅಪವರ್ತಿಸಿ, (ಅ − ಬ) ಯನ್ನು ಎರಡೂ ಕಡೆ ಹೊಡೆದುಹಾಕಿದರೆ ಅ + ಬ = ಬ ಬರುತ್ತದೆ, ಅಂದರೆ 2ಬ = ಬ. ಸೊನ್ನೆಯಿಂದ ಭಾಗಿಸಿದ ಆ ಒಂದು ಹೆಜ್ಜೆ ಕಂಡುಹಿಡಿಯಲು ಎರಡು ದಿನ ತೆಗೆದುಕೊಂಡರೂ ಉತ್ತರ ಹೇಳಿಬಿಡಬೇಡಿ.

ಪೋರ್ಷನ್ ಮುಗಿಯುತ್ತದಾ ಅನ್ನುವ ಚಿಂತೆ ನನಗೂ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದ ಲಿಖಿತ ಪರೀಕ್ಷೆ 80 ಅಂಕಕ್ಕೆ, ಉಳಿದ 20 ಆಂತರಿಕ. ಈ ಚಟುವಟಿಕೆಗಳಲ್ಲಿ ಒಂದೆರಡನ್ನು ಆಂತರಿಕ ಅಂಕಕ್ಕೆ ಹೊಂದಿಸಬಹುದು. ಉಳಿದಂತೆ ವಾರದಲ್ಲಿ ಒಂದು ಪೀರಿಯಡ್ ಚಟುವಟಿಕೆ, ಬಾಕಿ ಅಭ್ಯಾಸ, ಹೀಗೆ ಹಂಚಿಕೊಂಡರೆ ನಡೆಯುತ್ತದೆ. ಅಭ್ಯಾಸ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಒಂದೇ ತರಹದ ಇಪ್ಪತ್ತು ಲೆಕ್ಕದ ಬದಲು ಎಂಟು ಲೆಕ್ಕ ಕೊಟ್ಟು, ಅದರಲ್ಲಿ ಒಂದನ್ನು ಎರಡು ದಾರಿಯಲ್ಲಿ ಮಾಡಿಸಿ.

ಪೀರಿಯಡ್ಡಿನ ಕೊನೆಯ ಐದು ನಿಮಿಷ ಪ್ರತಿ ಮಗುವಿಗೂ ಒಂದು ಚೀಟಿ ಕೊಡಿ. ಇವತ್ತಿನ ಪಾಠದ ಮೇಲೆ ಒಂದು ಲೆಕ್ಕವನ್ನು ಅವರೇ ಕಟ್ಟಿ ಬರೆಯಲಿ, ಉತ್ತರ ಹಿಂದುಗಡೆ ಇರಲಿ. ಹಾಲಿನ ಡೈರಿ, ಅಡಿಕೆ ಮಂಡಿ, ಬಸ್ ಪಾಸ್, ಕ್ರಿಕೆಟ್ ರನ್ ರೇಟ್, ಏನೆಲ್ಲ ಬರುತ್ತದೆ ಅಂತೀರಿ. ಉತ್ತರ ಸರಿಯಿಲ್ಲದ ಚೀಟಿಗಳನ್ನು ಬೇರೆ ಇಟ್ಟುಕೊಳ್ಳಿ, ಮರುದಿನ ಯಾವುದನ್ನು ಮತ್ತೆ ಹೇಳಿಕೊಡಬೇಕು ಅಂತ ಅವು ತೋರಿಸುತ್ತವೆ. ಸರಿಯಿರುವುದನ್ನು ಒಂದು ಡಬ್ಬಿಯಲ್ಲಿ ಹಾಕಿ, ಯೂನಿಟ್ ಟೆಸ್ಟಿನ ಪ್ರಶ್ನೆಗಳನ್ನು ಅದೇ ಡಬ್ಬಿಯಿಂದ ಎತ್ತಿ. ತಾನು ಕಟ್ಟಿದ ಲೆಕ್ಕ ಪ್ರಶ್ನೆಪತ್ರಿಕೆಯಲ್ಲಿ ಬಂದಿದೆಯಾ ಅಂತ ನೋಡಲು ಮಕ್ಕಳು ಆ ದಿನ ಬೇಗ ಬಂದು ಕೂರುತ್ತಾರೆ.